ಹೊತ್ತಿಗೆ ಮುಂಚೆ ಹಾರಿದ ಎರಡು ಗುಂಡು

ಬೆಳಗಿನ ಐದೂಕಾಲು. ಅಮ್ಮತ್ತಿ ಪೇಟೆಯ ಹೋಟೆಲುಗಳೂ ಇನ್ನೂ ಬಾಗಿಲು ತೆಗೆದಿಲ್ಲ. ಪೇಟೆಯಿಂದ ಎರಡು ಮೈಲಿ ಆಚೆ, ಕಾಫಿ ತೋಟದೊಳಗಿನ ಹಳೇ ಬಂಗಲೆಯ ಮೂರನೇ ಕೋಣೆಯಲ್ಲಿ ಸರ್ವಮಂಗಳಾ ಸ್ಟೀಲ್ ಲೋಟದ ಬಿಸಿನೀರಿಗೆ ಬ್ರಶ್ ಅದ್ದಿ, ಎಂಬತ್ತು ದಾಟಿದ ಹಿರಿಯರೊಬ್ಬರ ಕೆನ್ನೆಗೆ ಸೋಪಿನ ನೊರೆ ಹಚ್ಚುತ್ತಿದ್ದಾರೆ. ಎಡಗೈ ಹೆಬ್ಬೆರಳಿನಿಂದ ಸಡಿಲ ಚರ್ಮವನ್ನು ಮೆಲ್ಲಗೆ ಎಳೆದು ಹಿಡಿದು, ಬಲಗೈಯಲ್ಲಿ ರೇಜರ್ ಆಡಿಸುತ್ತಾರೆ. ಹಾಸಿಗೆಯಲ್ಲಿರುವವರು ನಾಯಕ್ ಕೃಷ್ಣಪ್ಪ. ಸೈನ್ಯದಿಂದ ಬಂದು ನಲವತ್ತು ವರ್ಷ ಮೀರಿದೆ. ಕ್ಯಾನ್ಸರ್ ಎಲುಬಿಗಿಳಿದು ಅವರನ್ನು ಮಲಗಿಸಿ ಎರಡು ತಿಂಗಳಾಗಿದೆ. ಆದರೂ ದಾಡಿ ಬಿಟ್ಟುಕೊಂಡು ಬೆಳಗು ನೋಡುವುದು ಅವರಿಗೆ ಆಗದ ಮಾತು.

"ಮಂಗಳಾ, ಅವತ್ತು ಅವ್ನು ನನ್ನ ಬಗ್ಗೆ ಏನಾದ್ರೂ ಅಂದ್ನಾ?" ಎನ್ನುತ್ತಾರೆ ಕೃಷ್ಣಪ್ಪ.

"ಬಾಯಿ ಆಡಿಸ್ಬೇಡಿ ಸಾರ್, ಬ್ಲೇಡ್ ಇದೆ" ಎನ್ನುತ್ತಾರೆ ಸರ್ವಮಂಗಳಾ.

ಈ ಪ್ರಶ್ನೆಯೂ ಈ ಉತ್ತರವೂ ಎರಡು ತಿಂಗಳಿಂದ ದಿನಾ ನಡೆಯುತ್ತಿವೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ವಾರದ ಪುರವಣಿಗೆ ಒಂದು ಹಿತವಾದ ಬರಹ ಮಾಡಿಕೊಂಡು ಹೋಗುವ ಹುರುಪಿನಲ್ಲಿ ಬಂದವನು ನಾನು. ಸೇವೆ, ತ್ಯಾಗ, ನಗುಮೊಗ ಎಂದೆಲ್ಲ ಮನಸ್ಸಿನಲ್ಲೇ ಅರ್ಧ ಬರೆದೂ ಆಗಿತ್ತು. ಆ ಅರ್ಧವನ್ನು ಈಗ ಹರಿದು ಹಾಕಿದ್ದೇನೆ.

ಕೊನೆಗಾಲದಲ್ಲಿರುವ ಮಾಜಿ ಸೈನಿಕರಿಗೆಂದೇ ಇರುವ ಮನೆ ಇದು. ಆರು ಹಾಸಿಗೆ. ಸರ್ಕಾರಿ ಸೇವೆಯಿಂದ ನಿವೃತ್ತರಾದ ಡಾ. ಕಾತ್ಯಾಯನಿ ಹನ್ನೊಂದು ವರ್ಷದ ಹಿಂದೆ ಇದನ್ನು ತೆರೆದರು. ಇಲ್ಲಿ ಗುಣ ಮಾಡುವ ಮಾತಿಲ್ಲ, ನೋವು ತಗ್ಗಿಸುವ ಮಾತಷ್ಟೇ. ಬಂಗಲೆಗೆ ಬರಲೊಲ್ಲದವರ ಮನೆಗೆ ಇವರೇ ಹೋಗುತ್ತಾರೆ. ಈ ತಿಂಗಳು ಅಂಥ ಮನೆಗಳು ಹತ್ತೊಂಬತ್ತು. ಇಲ್ಲಿಯವರೆಗೆ ಕಣ್ಣು ಮುಚ್ಚಿದವರು ನೂರ ಅರವತ್ತೆರಡು ಮಂದಿ ಎಂದು ಡಾಕ್ಟರ ಪುಸ್ತಕ ಹೇಳುತ್ತದೆ. ಅದರಲ್ಲಿ ಎಷ್ಟು ಜನರ ಪಕ್ಕ ನೀವಿದ್ದಿರಿ ಎಂದು ಸರ್ವಮಂಗಳಾರನ್ನು ಕೇಳಿದರೆ, "ಅದನ್ನೆಲ್ಲ ಯಾರು ಎಣಿಸ್ತಾರೆ ಕಣ್ರೀ, ಎಣಿಸಿದ್ರೆ ಮಾರನೇ ದಿನ ಕೆಲಸಕ್ಕೆ ಬರೋಕಾಗುತ್ತಾ?" ಎಂದು ನನ್ನನ್ನೇ ಕೇಳುತ್ತಾರೆ.

ಅವರಿಗೀಗ ಐವತ್ತೆರಡು. ತಂದೆಯ ಕಡೆಯವರು ಅರಕಲಗೂಡಿನ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಗದ್ದೆ ಮಾಡಿಕೊಂಡ ಒಕ್ಕಲು ಕುಟುಂಬ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟಿತು, ಮದುವೆಯಾಯಿತು. ಪತಿ ಶಶಿಕುಮಾರ್ ಪಿಕಪ್‌ನಲ್ಲಿ ಶುಂಠಿ ಮೂಟೆ ಸಾಗಿಸುತ್ತಾರೆ. ಅತ್ತೆ ಕಾಮಾಕ್ಷಮ್ಮ ಲಕ್ವ ಹೊಡೆದು ನಾಲ್ಕು ವರ್ಷ ಹಾಸಿಗೆ ಹಿಡಿದಾಗ ಎತ್ತಿದ್ದು, ಇಳಿಸಿದ್ದು, ಉಣಿಸಿದ್ದು ಎಲ್ಲ ಸೊಸೆಯೇ. ಕೊನೆಯ ದಿನಗಳಲ್ಲಿ ನೋಡಲು ಬಂದ ಡಾ. ಕಾತ್ಯಾಯನಿ ಆ ತಾಯಿಯನ್ನು ಮಗ್ಗುಲು ತಿರುಗಿಸಿ ಬೆನ್ನು ನೋಡಿದರು. ನಾಲ್ಕು ವರ್ಷ ಮಲಗಿದ ಬೆನ್ನಿನಲ್ಲಿ ಒಂದೇ ಒಂದು ಹುಣ್ಣಿರಲಿಲ್ಲ.

"ಯಾವ ಆಸ್ಪತ್ರೇಲಿ ಕೆಲಸ ಮಾಡಿದ್ದೆ ಅಂತ ಕೇಳಿದ್ರು. ಯಾವ್ದೂ ಇಲ್ಲ ಮೇಡಂ, ನಮ್ಮತ್ತೆ ಅಲ್ವಾ, ನೋಡ್ಕಂಡೆ ಅಂದೆ. ಅತ್ತೆ ತಿಥಿ ಮುಗಿದ ಮಾರನೇ ದಿನ ಫೋನ್ ಮಾಡಿ ಕೆಲಸಕ್ಕೆ ಕರೆದ್ರು."

ಅಂದಿನಿಂದ ವಾರಕ್ಕೆ ನಾಲ್ಕು ದಿನ ಬಂಗಲೆಯಲ್ಲೇ ವಾಸ. ನಾಲ್ಕೂವರೆಗೆ ಏಳುತ್ತಾರೆ. ಐದು ಜನರ ದಾಡಿ, ಆರು ಜನರ ಬಾಯಿ ಒರೆಸುವುದು, ಎರಡು ಗಂಟೆಗೊಮ್ಮೆ ಒಬ್ಬೊಬ್ಬರನ್ನೂ ಮಗ್ಗುಲು ಬದಲಿಸುವುದು. ನಡುವೆ ಗಂಜಿ, ಔಷಧಿ, ಬಟ್ಟೆ. ಇದರ ಮೇಲೆ ಮಾಜಿ ಸೈನಿಕರ ಶಿಸ್ತು ಬೇರೆ. ಒಬ್ಬರಿಗೆ ಹಾಸಿಗೆಯ ಬಟ್ಟೆಯ ಮೂಲೆ ಚೂಪಾಗಿ ಮಡಿಚಿರಬೇಕು, ಇನ್ನೊಬ್ಬರಿಗೆ ಚಹಾ ಆರು ಗಂಟೆಗೆ ಬಂದರೆ ತಡ, ಐದು ಐವತ್ತೈದಕ್ಕೆ ಬಂದರೂ ಗೊಣಗಾಟ.

"ಇವರ ಹತ್ರ ಒಂದೇ ಕಷ್ಟ. ನೋವು ಎಷ್ಟಿದೆ ಸಾರ್ ಅಂತ ಕೇಳಿ, 'ಠೀಕ್ ಹೈ' ಅಂತಾರೆ. ಎಲುಬು ಮುರೀತಾ ಇದ್ರೂ ಠೀಕ್ ಹೈ. ಅದಕ್ಕೆ ನಾನು ಮುಖ ನೋಡೋದೇ ಬಿಟ್ಟೆ, ಕಾಲ್ಬೆರಳು ನೋಡ್ತೀನಿ. ನೋವಿದ್ರೆ ಬೆರಳು ಮುದುರ್ಕಂಡಿರ್ತವೆ. ಬೆರಳಿಗೆ ಸುಳ್ಳು ಹೇಳೋಕೆ ಬರಲ್ಲ" ಎಂದು ಅವರು ತಮ್ಮ ಕೆಲಸದ ಗುಟ್ಟು ಹೇಳುತ್ತಾರೆ. ಔಷಧಿ ಏರಿಸುವ ಮುಂಚೆ ಡಾಕ್ಟರೂ ಈಗ ಇವರನ್ನು ಕರೆದು ಬೆರಳಿನ ಸುದ್ದಿ ಕೇಳುತ್ತಾರಂತೆ.

ಊರಿನವರ ನಡವಳಿಕೆ ಮಾತ್ರ ಮನಸ್ಸಿಗೆ ಕಷ್ಟವಾಗುವಂಥದು. ಮದುವೆ ಮನೆಯಲ್ಲಿ ಅರಿಶಿನ ಹಚ್ಚಲು ಇವರನ್ನು ಕರೆಯುವುದಿಲ್ಲ. ಕೆಲಸದಿಂದ ನೇರ ಬಂದೆಯಾ, ಸ್ನಾನ ಆಯ್ತಾ ಎಂದು ಬಾಗಿಲಲ್ಲೇ ವಿಚಾರಣೆ. "ನನ್ನ ತಂಗಿ ಮಗಳ ಮದುವೇಲಿ ನಾನು ದೂರದಲ್ಲೇ ಕೂತಿದ್ದೆ. ಇರ್ಲಿ ಬಿಡಿ" ಎನ್ನುವಾಗ ಅವರ ದನಿ ಸ್ವಲ್ಪ ಇಳಿಯುತ್ತದೆ. ನನಗಾದರೋ ಆ 'ಇರ್ಲಿ ಬಿಡಿ' ಕೇಳಿ ಸಿಟ್ಟೇ ಬಂತು. ತಮ್ಮ ಮನೆಯ ಹಿರಿಯರು ಮಲಗಿದಾಗ ಮೊದಲು ಫೋನ್ ಮಾಡುವುದು ಇದೇ ಜನ, ಇದೇ ಸರ್ವಮಂಗಳಾರಿಗೆ.

ದಾಡಿ ಮುಗಿದ ಮೇಲೆ ಕೃಷ್ಣಪ್ಪನವರ ಜೊತೆ ಕೂತೆ. ಬೆಳಗಿನ ಒಂದು ಗಂಟೆ ಅವರ ಮಾತು ನಿಚ್ಚಳ. ಆಮೇಲೆ ಔಷಧಿಯ ಮಂಪರು. ಕುಶಾಲನಗರದ ಕಡೆಯ ರೈತರ ಮಗ, ಸಿಗ್ನಲ್ಸ್‌ಗೆ ಸೇರಿ ಟೆಲಿಫೋನ್ ತಂತಿ ಎಳೆದವರು. ಅದೇ ಕಂಪನಿಯಲ್ಲಿದ್ದವರು ಹುದಿಕೇರಿಯ ಮೊಣ್ಣಪ್ಪ. ಮೊಣ್ಣಪ್ಪ ಸುಬೇದಾರರಾದರು, ಇವರು ನಾಯಕ್ ಆಗಿಯೇ ಮನೆಗೆ ಬಂದರು. ಹುದಿಕೇರಿಯ ಎಸ್ಟೇಟ್ ಒಂದರಲ್ಲಿ ಇವರಿಗೆ ಲೆಕ್ಕ ಬರೆಯುವ ರೈಟರ್ ಕೆಲಸ ಕೊಡಿಸಿದ್ದೂ ಮೊಣ್ಣಪ್ಪನೇ. ಎರಡೂ ಮನೆಗಳ ನಡುವೆ ಒಂದು ಗದ್ದೆ ಬಯಲು. ಮೂವತ್ತು ವರ್ಷ ಸಂಜೆ ಕೂತು ಒಂದೊಂದು ಪೆಗ್ ಹಾಕಿದ ಸ್ನೇಹ.

ಆ ಸ್ನೇಹ ಕೆಟ್ಟದ್ದು ಒಂದು ಮಾತಿಗೆ. ಮಾಜಿ ಸೈನಿಕರ ಕ್ಯಾಂಟೀನಿನ ಸಾಲಿನಲ್ಲಿ ನಿಂತಾಗ ಏನೋ ತಮಾಷೆ ನಡೆದು, ಹತ್ತು ಜನರ ಮುಂದೆ ಕೃಷ್ಣಪ್ಪ ಹೇಳಿಬಿಟ್ಟರು: ಇವನು ಸಾಹೇಬರ ಹೆಂಡತಿಯ ತರಕಾರಿ ಚೀಲ ಹೊತ್ತು ಸ್ಟಾರ್ ಗಿಟ್ಟಿಸಿದವನು. ಮೊಣ್ಣಪ್ಪ ಚೀಲ ಅಲ್ಲೇ ಇಟ್ಟು ಹೊರಟುಹೋದರು. ಏಳು ತಿಂಗಳು ಮಾತಿಲ್ಲ.

"ಸುಳ್ಳು ಮಾತು ಅದು. ಹೊಟ್ಟೆಕಿಚ್ಚಿಗೆ ಅಂದಿದ್ದು. ಅವ್ನು ಒಳ್ಳೆ ಸಿಪಾಯಿ" ಎಂದು ಕೃಷ್ಣಪ್ಪ ಸೂರಿನ ಕಡೆ ನೋಡುತ್ತಾ ಹೇಳುತ್ತಾರೆ. "ಅವ್ನು ಹೋದ ಅಂತ ಸುದ್ದಿ ಬಂದು ಅವತ್ತು ಅವನ ಮನೆಗೆ ಹೋದೆ. ಇನ್ನೂ ಉಸಿರಿದೆ ಅಂದ್ರು, ತಪ್ಪಾಯ್ತು ಕಣೋ ಅನ್ನೋಣ ಅಂತ ಕಾದೆ. ಎಂಟು ಗಂಟೆಯಿಂದ ಸಾಯಂಕಾಲದ ತನಕ ಜಗಲೀಲಿ ಕೂತಿದ್ದೆ. ಒಳಗೆ ಬಿಡ್ಲಿಲ್ಲ. ಅವನ ಮಗ ಜಗಲೀಲಿದ್ದ ಬೀರುವಿಂದ ಮೆಡಲ್ ಇರೋ ಕೋಟು ತೆಗೆದು ನನ್ನ ಮುಂದೇನೇ ಬ್ರಶ್ ಹೊಡ್ದು ಒಳಗೆ ತಗಂಡು ಹೋದ. ಸಾಯೋ ಹೊತ್ತಲ್ಲೂ ಸುಬೇದಾರ್‌ಗಿರಿ ನೋಡು, ಕೋಟು ಹಾಕ್ಕಳಕ್ಕೆ ಪುರುಸೊತ್ತಿದೆ, ನನ್ನ ಮುಖ ನೋಡೋಕಿಲ್ಲ ಅಂದ್ಕಂಡೆ. ಅವ್ನೇ ಬೇಡ ಅಂದಿರ್ಬೇಕು. ಇವ್ಳು ಒಳಗಿದ್ಳು, ಇವ್ಳಿಗೆ ಗೊತ್ತು. ಕೇಳಿದ್ರೆ ಬ್ಲೇಡ್ ಇದೆ ಅಂತಾಳೆ."

ಸರ್ವಮಂಗಳಾ ಆಗ ಕೋಣೆಯಲ್ಲಿರಲಿಲ್ಲ. ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದರು. ನಾನು ಹೋಗಿ ಎಲ್ಲ ಸಂದರ್ಶನದಲ್ಲೂ ಕೇಳುವಂತೆ ಹಗುರವಾಗಿ ಕೇಳಿದೆ: ಇಷ್ಟು ವರ್ಷದಲ್ಲಿ ನಿಮ್ಮಿಂದ ಏನಾದರೂ ತಪ್ಪಾಗಿದ್ದುಂಟೇ? ಇಲ್ಲ ಎಂಬ ಉತ್ತರಕ್ಕೆ ಪೆನ್ನು ತೆರೆದಿಟ್ಟುಕೊಂಡೇ ಕೇಳಿದ್ದು. ಅವರು ಹಿಂಡುತ್ತಿದ್ದ ಬಟ್ಟೆಯನ್ನು ಬಕೆಟ್ಟಿಗೆ ಬಿಟ್ಟು ಮೆಟ್ಟಿಲ ಮೇಲೆ ಕೂತರು. "ಪೇಪರ್‌ನೋರ ಹತ್ರ ಹೇಳೋದು ಸುಲಭ ಅನ್ಸುತ್ತೆ. ನೀವು ನಾಳೆ ಹೋಗ್ತೀರಲ್ಲ" ಎಂದರು.

ಮೂರು ವರ್ಷದ ಹಿಂದೆ, ಹುತ್ತರಿ ಹಬ್ಬ ಕಳೆದ ಮರುವಾರ. ಹುದಿಕೇರಿಯ ಮನೆಯಲ್ಲಿ ಸುಬೇದಾರ್ ಮೊಣ್ಣಪ್ಪ ಕೊನೆಯ ಹಂತದಲ್ಲಿದ್ದರು. ಸರ್ವಮಂಗಳಾ ಒಂದು ವಾರದಿಂದ ಅಲ್ಲೇ ಇದ್ದರು. ಮನೆಯಲ್ಲಿ ಮಗ ಮಿಲನ್ ಒಬ್ಬರೇ. ಬೆಳಿಗ್ಗೆ ಆರರ ಹೊತ್ತಿಗೆ ಉಸಿರು ನಿಂತಿತು. ನಾಡಿ ಹಿಡಿದರೆ ಕೈ ತಣ್ಣಗೆ, ಏನೂ ಸಿಗಲಿಲ್ಲ. ಡಾಕ್ಟರಿಗೆ ಫೋನ್ ಹತ್ತಲಿಲ್ಲ. "ಹೋದ್ರಾ ಸಿಸ್ಟರ್?" ಎಂದು ಮಿಲನ್ ಕೇಳಿದಾಗ ಇವರು ತಲೆಯಾಡಿಸಿಬಿಟ್ಟರು.

"ಡಾಕ್ಟ್ರು ಬರೋ ತನಕ ಬಾಯಿ ಬಿಡ್ಬಾರ್ದು ಅಂತ ಹೇಳ್ಕೊಟ್ಟಿದ್ರು. ಕೊನೇ ಹೊತ್ತಲ್ಲಿ ಉಸಿರು ನಿಂತು ಮತ್ತೆ ಬರುತ್ತೆ ಅಂತಾನೂ ಹೇಳಿದ್ರು. ಎಲ್ಲ ಗೊತ್ತಿತ್ತು. ಆ ಹುಡ್ಗನ ಮುಖ ನೋಡಿ ಕಾಯೋಕಾಗ್ಲಿಲ್ಲ, ತಲೆ ಆಡಿಸ್ಬಿಟ್ಟೆ."

ಮಿಲನ್ ಕೋವಿ ತೆಗೆದುಕೊಂಡು ಅಂಗಳಕ್ಕಿಳಿದರು. ಕೊಡವರ ಮನೆಯಲ್ಲಿ ಸಾವಾದರೆ ಒಂದರ ಹಿಂದೊಂದು ಎರಡು ಗುಂಡು ಹಾರುತ್ತದೆ. ಊರಿಗೆ ಅದೇ ಸುದ್ದಿ. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಾರೆ. ಎರಡನೇ ಗುಂಡಿನ ಸದ್ದು ಅಡಗುವ ಮೊದಲೇ ಹಾಸಿಗೆಯಲ್ಲಿದ್ದ ಮೊಣ್ಣಪ್ಪ ಕಣ್ಣು ಬಿಟ್ಟರು.

"ಇಪ್ಪತ್ತೆಂಟು ವರ್ಷ ಮಿಲಿಟ್ರಿ ಕಣ್ರೀ, ಗುಂಡಿನ ಸದ್ದಿಗೆ ಏಳ್ದೆ ಇರ್ತಾರಾ? ನನ್ನ ನೋಡಿ, 'ಎರಡು ಗುಂಡು. ಯಾರು ಹೋದದ್ದು?' ಅಂದ್ರು. ನಿಮ್ಮದೇ ಸಾರ್ ಅಂತ ಹೇಗೆ ಹೇಳ್ಲಿ? ಹಂದಿಗೆ ಹೊಡ್ದಿದ್ದು ಅಂದೆ. ನಂಬ್ಲಿಲ್ಲ. 'ಸುಳ್ಳು ಹೇಳ್ಬೇಡ, ಯಾರು?' ಅಂತ ಗದರಿದ್ರು. ಆ ಕ್ಷಣ ನಂಗೆ ಹೊಳೆದಿದ್ದು ಒಂದೇ ಹೆಸ್ರು. ದಿನಾ ಅವರ ಬಾಯಲ್ಲೇ ಕೇಳಿದ್ದು. ಕೃಷ್ಣಪ್ಪ ಸಾರ್ ಅಂದ್ಬಿಟ್ಟೆ."

ಯಾಕೆ ಆ ಹೆಸರೇ ಎಂದು ನಾನು ಕೇಳಲಿಲ್ಲ. ಅವರೇ ಹೇಳಿದರು. "ಅವರಿಬ್ರಿಗೂ ಮಾತಿಲ್ಲ ಅಂತ ಗೊತ್ತಿತ್ತಲ್ಲ. ಬೇರೆಯವರ ಹೆಸ್ರು ಹೇಳಿದ್ರೆ ಸಂಕಟ ಪಡ್ತಾರೆ, ಇವ್ರಾದ್ರೆ ಅಷ್ಟೇನೂ ಬೇಜಾರು ಮಾಡ್ಕಳಲ್ಲ ಅಂದ್ಕಂಡೆ. ಎಷ್ಟು ದಡ್ಡಿ ನೋಡಿ ನಾನು."

ಮೊಣ್ಣಪ್ಪ ಅಳಲು ಶುರುಮಾಡಿದರು. ನನಗಿಂತ ಮುಂಚೆ ಅವನು ಹೋಗಬಾರದಿತ್ತು, ನಾನು ಮಾತಾಡಬೇಕಿತ್ತು, ನಾನೇ ಹಟ ಮಾಡಿದೆ ಎಂದು ಮತ್ತೆ ಮತ್ತೆ ಹೇಳಿದರು. ಮಗನನ್ನು ಕರೆದು ಮೆಡಲಿನ ಕೋಟು ತರಲು ಹೇಳಿದರು. ಕೃಷ್ಣಪ್ಪನ ಮಣ್ಣಿಗೆ ಹೋಗಬೇಕು, ಜೀಪ್ ತೆಗಿ ಎಂದರು. ಏಳಲು ಶಕ್ತಿಯಿಲ್ಲ. ಹಟ ಬಿಡದಿದ್ದಾಗ ಒಂಬತ್ತರ ಹೊತ್ತಿಗೆ ಮಲಗಿದ್ದಲ್ಲೇ ಆ ಕೋಟು ತೊಡಿಸಬೇಕಾಯಿತು.

ಅಷ್ಟರೊಳಗೇ ಗುಂಡಿನ ಸದ್ದು ಕೇಳಿದ ಊರವರು ಬರತೊಡಗಿದ್ದರು. ಎಂಟು ಗಂಟೆಗೆ ಗದ್ದೆ ಬಯಲು ದಾಟಿಕೊಂಡು ಬಿಳಿ ಪಂಚೆ ಉಟ್ಟ ಕೃಷ್ಣಪ್ಪನೂ ಬಂದರು. ಸತ್ತಿಲ್ಲ, ಉಸಿರಿದೆ ಎಂದು ತಿಳಿದು ಅವರ ಮುಖ ಅರಳಿದ್ದನ್ನು ಸರ್ವಮಂಗಳಾ ಬಾಗಿಲಲ್ಲಿ ನಿಂತು ನೋಡಿದ್ದಾರೆ. "ಹಾಗಾದ್ರೆ ಬಿಡಮ್ಮ, ನೋಡ್ತೀನಿ" ಎಂದು ಅವರು ಚಪ್ಪಲಿ ಬಿಟ್ಟರು. ಇವರು ಕೈ ಅಡ್ಡ ಹಿಡಿದರು.

"ಬಿಟ್ಟಿದ್ರೆ ಏನಾಗ್ತಿತ್ತು ಹೇಳಿ? ಸತ್ತೋರು ಎದ್ದು ಬಂದ್ರು ಅಂತಾಗ್ತಿತ್ತು. ಹಾಗಾದ್ರೆ ಗುಂಡು ಯಾರ್ದು ಅಂತ ಸುಬೇದಾರ್ರು ಕೇಳ್ತಿದ್ರು. ಅಪ್ಪನಿಗೆ ಅದು ಅವರದ್ದೇ ಅಂತ ಗೊತ್ತಾಗೋದು ಬೇಡ ಸಿಸ್ಟರ್ ಅಂತ ಆ ಹುಡ್ಗ ಕೈ ಮುಗಿದ. ನಂಗೂ ಹೆದ್ರಿಕೆ, ಕೆಲಸ ಹೋಗುತ್ತೆ ಅಂತ. ಡಾಕ್ಟ್ರು ಯಾರನ್ನೂ ಬಿಡ್ಬೇಡ ಅಂದಿದಾರೆ ಅಂದೆ. ಜೋರಾಗಿ ಮಾತಾಡ್ಬೇಡಿ, ಸಾರ್ ಮಲಗಿದಾರೆ ಅಂತ ಜಗಲಿಯ ಆ ಕೊನೇಲಿ ಕೂರಿಸಿ ಕಾಫಿ ಕೊಟ್ಟೆ. ಅವರ ದನಿ ಒಳಗೆ ಕೇಳ್ಬಾರ್ದಲ್ಲ."

ಸಂಜೆ ಐದಕ್ಕೆ ಕೃಷ್ಣಪ್ಪ ಎದ್ದು ಹೋದರು. ಏಳಕ್ಕೆ ಮೊಣ್ಣಪ್ಪ ಹೋದರು. ಈ ಸಲ ಡಾಕ್ಟರು ಬಂದು ನೋಡಿದ ಮೇಲೆಯೇ ಗುಂಡು ಹಾರಿತು.

ಅವಸರಪಟ್ಟು ಹೇಳಿದ್ದಕ್ಕೆ ಡಾ. ಕಾತ್ಯಾಯನಿ ಬೈದರು, ಆಮೇಲೆ ಮರೆತರು. ಅಂದಿನಿಂದ ಸರ್ವಮಂಗಳಾ ಉಸಿರು ನಿಂತವರ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು, ಕೈಗಡಿಯಾರ ನೋಡಿ ಪೂರ್ತಿ ಇಪ್ಪತ್ತು ನಿಮಿಷ ಕೂರುತ್ತಾರೆ. ಡಾಕ್ಟರು ಬರದೆ ಬಾಯಿ ಬಿಡುವುದಿಲ್ಲ. ಮನೆಯವರು ಎಷ್ಟೇ ಕೇಳಲಿ, ಕಾಯಿರಿ ಎನ್ನುತ್ತಾರೆ. ಆ ಸುಳ್ಳು ಹೆಸರಿನ ವಿಷಯ ಮಾತ್ರ ಡಾಕ್ಟರಿಗೂ ಗೊತ್ತಾಗಲಿಲ್ಲ. ಗೊತ್ತಿದ್ದವರು ಇವರು ಮತ್ತು ಮಿಲನ್. ಎರಡು ತಿಂಗಳ ಹಿಂದೆ ಸ್ಟ್ರೆಚರ್‌ನಲ್ಲಿ ಕೃಷ್ಣಪ್ಪನೇ ಈ ಬಂಗಲೆಗೆ ಬಂದಿಳಿದರು.

"ಅವತ್ತಿಂದ ದಿನಾ ಕೇಳ್ತಾರೆ. ದಿನಾ ಬ್ಲೇಡ್ ತೋರಿಸ್ತೀನಿ."

ಹೇಳಿಬಿಡಬಾರದೇ ಎಂದೆ. ಬಂದು ಹೋಗುವವನಿಗೆ ಬುದ್ಧಿ ಹೇಳುವುದು ಸುಲಭ. "ಮೂರು ವರ್ಷ ಸ್ನೇಹಿತನ ಮೇಲೆ ಕೋಪ ಇಟ್ಕಂಡಿದಾರೆ ಅವ್ರು. ಆ ಕೋಪ ನನ್ನ ಮೇಲೆ ಬರ್ಬೇಕಾದ್ದು, ಅದು ಗೊತ್ತು. ಆದ್ರೆ ಕೊನೇ ದಿನಗಳಲ್ಲಿ ಮಲಗಿದೋರಿಗೆ ಇನ್ನೊಂದು ನೋವು ಕೊಡೋದಾ? ನೋವು ಕಮ್ಮಿ ಮಾಡೋ ಮನೆ ಅಂತ ಬೋರ್ಡ್ ಹಾಕ್ಕಂಡಿದೀವಿ" ಎಂದರು.

ಆ ಮಧ್ಯಾಹ್ನ ಡಾ. ಕಾತ್ಯಾಯನಿ ಕೃಷ್ಣಪ್ಪನವರನ್ನು ನೋಡಿ ಔಷಧಿ ಏರಿಸಿದರು. "ಇನ್ನೆರಡು ವಾರ ಇರಬಹುದು. ಮಾತು ಸ್ಪಷ್ಟ ಇರುವುದು ಅದರಲ್ಲಿ ಅರ್ಧವೂ ಅಲ್ಲ. ಆಡುವ ಮಾತಿದ್ದವರು ಬೇಗ ಬಂದು ಆಡಲಿ" ಎಂದು ಕೃಷ್ಣಪ್ಪನವರ ಮಗಳು ರಂಜಿತಾಗೆ ಫೋನಿನಲ್ಲಿ ಹೇಳುತ್ತಿದ್ದರು. ರಂಜಿತಾ ಕುಶಾಲನಗರದಲ್ಲಿ ಶಾಲೆ ಟೀಚರ್, ಭಾನುವಾರ ತಪ್ಪದೆ ಬರುವವರು. ಬಾಗಿಲ ಹೊರಗೆ ಟ್ರೇ ಹಿಡಿದು ನಿಂತಿದ್ದ ಸರ್ವಮಂಗಳಾರಿಗೂ ಆ ಮಾತು ಕೇಳಿಸಿತು.

ಮರುದಿನ ಅವರ ರಜೆ. ಮನೆಗೆ ಹೋಗುವ ಬದಲು ಗೋಣಿಕೊಪ್ಪದಲ್ಲಿ ಬಸ್ಸು ಬದಲಾಯಿಸಿ ಹುದಿಕೇರಿಗೆ ಹೋದರು. ಗುಟ್ಟು ಮಿಲನ್ ಅವರದೂ ಹೌದಲ್ಲ, ಕೇಳದೆ ಹೇಗೆ ಹೇಳುವುದು ಎಂಬ ಲೆಕ್ಕ. ಮಿಲನ್ ಕಣದಲ್ಲಿ ಕಾಫಿ ಒಣಗಿಸುತ್ತಿದ್ದರು. ಅವತ್ತಿನ ಮಾತನ್ನು ಅವರೇ ನನಗೆ ಆಮೇಲೆ ಫೋನಿನಲ್ಲಿ ಹೇಳಿದರು. "ನಾನು ಕೃಷ್ಣಪ್ಪ ಅಂಕಲ್ ಎದುರಿಗೆ ಸಿಕ್ಕಿದ್ರೆ ರಸ್ತೆ ಬದಲಾಯಿಸ್ತಿದ್ದೆ ಸಾರ್, ಮೂರು ವರ್ಷ. ಸಿಸ್ಟರ್ ಹತ್ರ ಹೇಳಿದೆ, ಗುಂಡು ಹೊಡೆದದ್ದು ನಾನು, ನೀವೊಬ್ಬರೇ ಯಾಕೆ ಹೊರ್ತೀರಿ, ನನ್ನ ಹೆಸರೂ ಸೇರಿಸಿ ಹೇಳಿ ಅಂತ. ನಾನೂ ಬರ್ತೇನೆ ಅಂದೆ. ಬೇಡ ಅಂದ್ರು. ಅಡ್ಡ ಕೈ ಹಿಡಿದದ್ದು ತಾನು ಅಂತ."

ಸರ್ವಮಂಗಳಾ ಕೆಲಸಕ್ಕೆ ಮರಳಿದ ದಿನ ನನ್ನನ್ನೂ ಬರಹೇಳಿದರು. "ನೀವಿದ್ರೆ ಹಿಂದೆ ಸರಿಯೋಕಾಗಲ್ಲ, ಅದಕ್ಕೆ" ಎಂದರು. ಬೆಳಿಗ್ಗೆ ಆರೂವರೆ. ದಾಡಿ, ಚಹಾ ಮುಗಿದಿತ್ತು. ನಾನು ಕಿಟಕಿಯ ಪಕ್ಕ ನಿಂತೆ. ಸರ್ವಮಂಗಳಾ ಸ್ಟೂಲು ಎಳೆದುಕೊಂಡು ಹಾಸಿಗೆಯ ಪಕ್ಕ ಕೂತು, ಕೃಷ್ಣಪ್ಪ ಕೇಳುವ ಮೊದಲೇ ಶುರು ಮಾಡಿದರು. ತಲೆಯಾಡಿಸಿದ್ದು, ಗುಂಡು, ಯಾರು ಹೋದದ್ದು ಎಂಬ ಪ್ರಶ್ನೆ, ತಾನು ಹೇಳಿದ ಹೆಸರು. ಎಲ್ಲಿಯೂ ತಡವರಿಸಲಿಲ್ಲ.

ಕೃಷ್ಣಪ್ಪ ಮುಖವನ್ನು ಅವರ ಕಡೆ ತಿರುಗಿಸಿದರು.

"ಒಳಗೆ ಅಳೋದು ನಂಗೆ ಕೇಳಿಸ್ತಿತ್ತಲ್ಲ. ನೋವಿಗೆ ಅಂದ್ಕಂಡಿದ್ದೆ" ಎಂದರು.

"ನಿಮಗೋಸ್ಕರ ಸಾರ್."

"ಎಷ್ಟು ಹೊತ್ತು?"

"ಅವ್ರು ಹೋಗೋ ತನಕ ಸಾರ್. ನಡುನಡುವೆ ನಿದ್ದೆ. ಎದ್ದ ಕೂಡ್ಲೆ ಮತ್ತೆ."

"ಆ ಕೋಟು?"

"ನಿಮ್ಮ ಮಣ್ಣಿಗೆ ಬರೋಕೆ ಸಾರ್."

ಕೃಷ್ಣಪ್ಪನವರ ಕಣ್ಣಿನಿಂದ ನೀರು ಇಳಿದು ಕಿವಿಯ ಕಡೆ ಹೋಯಿತು. ಒರೆಸಲು ಸರ್ವಮಂಗಳಾ ಕೈ ಚಾಚಿದರು. ಅವರು ಮುಖ ಆಚೆ ತಿರುಗಿಸಿದರು. "ಒಂದು ಗೋಡೆ ಕಣಮ್ಮ ನಡುವೆ. ಒಂದೇ ಒಂದು ಗೋಡೆ. ನಾನು ಕೆಮ್ಮಿದ್ರೂ ಅವ್ನಿಗೆ ಗೊತ್ತಾಗ್ತಿತ್ತು" ಎಂದರು. ಆಮೇಲೆ, "ಹೋಗು. ನನ್ನ ಕಣ್ಣ ಮುಂದೆ ಇರ್ಬೇಡ" ಎಂದರು.

ಸರ್ವಮಂಗಳಾ ಎದ್ದು ಹೊರಗೆ ಬಂದು ಹಿತ್ತಲ ಮೆಟ್ಟಿಲ ಮೇಲೆ ಕೂತು ಅತ್ತರು. ಹೇಳಿಬಿಡಿ ಎಂದು ಅಂದು ಹಗುರವಾಗಿ ಅಂದವನು ನಾನೇ ಎಂಬುದು ನೆನಪಾಗಿ ನಾಚಿಕೆಯಾಯಿತು. ಎಂಟು ಗಂಟೆಗೆ ಅವರು ಮುಖ ತೊಳೆದುಕೊಂಡು ನಾಲ್ಕನೇ ಕೋಣೆಯವರ ಮಗ್ಗುಲು ಬದಲಿಸಲು ಹೋದರು.

ಎರಡು ದಿನ ಕೃಷ್ಣಪ್ಪ ಅವರ ಕೈಯಿಂದ ನೀರನ್ನೂ ಕುಡಿಯಲಿಲ್ಲ. ಇನ್ನೊಬ್ಬ ಸಿಸ್ಟರ್ ದಿವ್ಯಶ್ರೀ ಬಂದರೆ ಮಾತ್ರ ಬಾಯಿ ತೆರೆಯುತ್ತಿದ್ದರು. ಸರ್ವಮಂಗಳಾ ಬಾಗಿಲಲ್ಲಿ ನಿಂತು ಹೊದಿಕೆಯಾಚೆ ಕಾಣುವ ಕಾಲ್ಬೆರಳು ನೋಡಿ, ಔಷಧಿ ಸಾಲುತ್ತಿಲ್ಲ ಎಂದು ಡಾಕ್ಟರಿಗೆ ಹೇಳುವುದನ್ನು ಮಾತ್ರ ಬಿಡಲಿಲ್ಲ. ಡಾಕ್ಟರಿಗೂ ಈಗ ಎಲ್ಲ ಗೊತ್ತು. ಬೇರೆ ಕೋಣೆಗೆ ಡ್ಯೂಟಿ ಹಾಕಲೇ ಎಂದು ಅವರು ಕೇಳಿದರು. "ಬೇಡ ಮೇಡಂ, ಅವ್ರು ಬೈಯೋ ಹೊತ್ತಿಗೆ ನಾನು ಸಿಗ್ಬೇಕಲ್ಲ" ಎಂದರಂತೆ ಇವರು.

ಈ ಬರಹಕ್ಕೆ ಒಪ್ಪಿಗೆ ಕೇಳಲು ಮೂರನೇ ದಿನ ಹೋದೆ. ಕೃಷ್ಣಪ್ಪ ಸೋತಿದ್ದರು, ಆದರೂ ಮಾತು ತಿಳಿಯುತ್ತಿತ್ತು. "ಬರ್ಕಳ್ಳಿ. ನಾನು ಕ್ಯಾಂಟೀನ್‌ನಲ್ಲಿ ಅಂದಿದ್ದು ಸುಳ್ಳು ಅಂತಾನೂ ಬರೀರಿ. ಹತ್ತು ಜನ ಕೇಳಿದ್ರಲ್ಲ, ಅವ್ರಿಗೆ ತಲುಪ್ಲಿ" ಎಂದರು. ಇಲ್ಲಿ ಬರೆದಿದ್ದೇನೆ. ಆ ಸಾಲಿನಲ್ಲಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಗಮನಿಸಬೇಕು: ಸುಬೇದಾರ್ ಮೊಣ್ಣಪ್ಪ ಯಾರ ಚೀಲವನ್ನೂ ಹೊತ್ತವರಲ್ಲ.

ನಾನು ಹೊರಡುವ ಹೊತ್ತಿಗೆ ಸರ್ವಮಂಗಳಾ ಹಾಲಿನ ಲೋಟ ಹಿಡಿದು ಬಾಗಿಲಿಗೆ ಬಂದರು. ದಿವ್ಯಶ್ರೀ ಊಟಕ್ಕೆ ಹೋಗಿದ್ದರು. ಕೃಷ್ಣಪ್ಪ ಅವರನ್ನು ನೋಡಿದರು, ಲೋಟವನ್ನು ನೋಡಿದರು. "ಒಂದ್ಸಲ ನನ್ನ ಸಾಯಿಸಿದೀಯ" ಎಂದರು. "ಮುಂದಿನ ಸಲ ಸರಿಯಾಗಿ ನೋಡ್ಕಂಡು ಹೇಳು." ಆಮೇಲೆ ಬಾಯಿ ತೆರೆದರು. ಸರ್ವಮಂಗಳಾ ಚಮಚದಲ್ಲಿ ಹಾಲು ಹಾಕಿದರು.

ಕ್ಷಮಿಸಿದರು ಅಂತ ಬರೆಯಲೇ ಎಂದು ಗೇಟಿನ ಹತ್ತಿರ ಕೇಳಿದೆ. "ಹಾಗೆ ಬರೀಬೇಡಿ, ಅವ್ರು ಹಾಗೆ ಅನ್ಲಿಲ್ಲ. ನಾನು ಕೇಳೋದೂ ಇಲ್ಲ. ಆ ಒಂದು ದಿನ ಯಾರೂ ವಾಪಸ್ ಕೊಡೋಕಾಗಲ್ವಲ್ಲ" ಎಂದರು ಸರ್ವಮಂಗಳಾ.

ನಿಮ್ಮ ಆಸೆಯೇನು ಎಂಬುದು ನನ್ನ ಪಟ್ಟಿಯ ಕೊನೆಯ ಪ್ರಶ್ನೆ. ಇಂಥ ಬರಹಗಳಲ್ಲಿ ಸ್ವಂತದ್ದೊಂದು ಮನೆ, ಮಕ್ಕಳ ಓದು ಎಂದು ಉತ್ತರ ಬರುತ್ತದೆ. ಅವರು ಸೆರಗಿನಲ್ಲಿ ಕೈ ಒರೆಸಿಕೊಂಡರು.

"ಕೃಷ್ಣಪ್ಪ ಸಾರ್ ಹೋಗೋ ಹೊತ್ತು ನನ್ನ ಡ್ಯೂಟೀಲೇ ಬರ್ಲಿ ಅಂತ ಬೇಡ್ಕಂತೀನಿ. ಅವ್ರು ಹೋದ್ರು ಅಂತ ಒಂದ್ಸಲ ಸುಳ್ಳು ಹೇಳಿದ ಬಾಯಿ ಇದು. ಆ ಮಾತು ನಿಜ ಆಗೋ ದಿನ ಬೇರೆ ಯಾರೂ ಹೇಳೋದು ಬೇಡ, ನಾನೇ ಹೇಳ್ಬೇಕು."